ತಪ್ಪಾಯಿತು, ಮತ್ತೆ ಓದುತ್ತೇನೆ

ಜನವರಿ 9

ಪ್ರೀತಿಯ ಪಿಟೀಲಿಗೆ,

ಇತ್ತ ನಾನು ಕ್ಷೇಮ, ಅತ್ತ ನೀನು ಕ್ಷೇಮವೇ ಎಂದೆಲ್ಲ ಬರೆದು ಎರಡು ಸಾಲು ದಂಡ ಮಾಡುವುದಿಲ್ಲ. ಕಾಗದ ಬಂತೆಂದರೆ ಅಪ್ಪ ಗಟ್ಟಿಯಾಗಿದ್ದಾನೆ ಎಂದು ತಿಳಿದುಕೋ. ಫೋನ್ ಮಾಡಬಾರದಾ ಎಂದು ನೀನು ಗೊಣಗುವುದು ಗೊತ್ತು. ನಲವತ್ತು ವರ್ಷ ಧ್ವನಿಮುದ್ರಣದ ಕೋಣೆಯಲ್ಲಿ ಕೂತವನಿಗೆ ಮಗಳ ದನಿ ಡಬ್ಬಿಯೊಳಗಿನ ಜೀರುಂಡೆಯ ಹಾಗೆ ಕೇಳಿದರೆ ಊಟ ಸೇರುವುದಿಲ್ಲ. ಹುಟ್ಟಿದ ದಿನ ನೀನು ಎಳೆದ ರಾಗ ಕೇಳಿ ಇಟ್ಟ ಹೆಸರು ಪಿಟೀಲು. ಅದನ್ನು ಜೀರುಂಡೆ ಮಾಡಿಕೊಳ್ಳಲು ನಾನು ತಯಾರಿಲ್ಲ.

ಕೇಳುವ ಪುಸ್ತಕಗಳ ಗ್ರಂಥಾಲಯದಿಂದ ಬಂದಿದ್ದರು. ಕಣ್ಣು ಕಾಣದ ಮಕ್ಕಳಿಗಾಗಿ ನಿನ್ನ ಅಮ್ಮ ಪಾಠದ ಪುಸ್ತಕಗಳನ್ನು ಓದಿದ್ದಳಲ್ಲ, ಅವರ ಬಳಿ ಇದ್ದ ಪ್ರತಿಗಳೆಲ್ಲ ಸವೆದುಹೋಗಿವೆಯಂತೆ. ಮೂಲ ಟೇಪುಗಳು ನಲವತ್ತಾರು, ನಮ್ಮ ತಗಡಿನ ಪೆಟ್ಟಿಗೆಯಲ್ಲಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಡಿ ಎಂದರು. ಅವಳು ಹೋಗಿ ಮೂರು ವರ್ಷವಾಯಿತು, ನಾನು ಆ ಪೆಟ್ಟಿಗೆ ತೆರೆದಿರಲಿಲ್ಲ. ಒಪ್ಪಿಕೊಂಡೆ.

ತೊಂದರೆ ಒಂದೇ. ಅಗ್ಗದ ಟೇಪು, ಮೇಲಿನ ಲೇಪ ಅಂಟಂಟಾಗಿದೆ. ಹಣ್ಣು ಒಣಗಿಸುವ ಪೆಟ್ಟಿಗೆಯಲ್ಲಿ ಎಂಟು ಗಂಟೆ ಹದವಾದ ಬಿಸಿಯಲ್ಲಿಟ್ಟು ಆರಿಸಿದರೆ ಒಂದು ಸಲ ಚೆನ್ನಾಗಿ ಓಡುತ್ತದೆ. ಓಡುತ್ತಲೇ ಲೇಪವೆಲ್ಲ ಕಂದು ಪುಡಿಯಾಗಿ ಉದುರಿಹೋಗುತ್ತದೆ, ಎರಡನೇ ಸಲಕ್ಕೆ ಏನೂ ಉಳಿಯುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗೆ. ಮೊದಲ ಒಂದು ನಿಮಿಷ ಸದ್ದಿನ ಮಟ್ಟ ಸರಿಮಾಡಿ ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ. ಪುಡಿ ಉದುರುವುದನ್ನು ನೋಡುತ್ತ ಅವಳ ದನಿ ಕೇಳಲು ನನ್ನಿಂದಾಗದು. ಆ ಟೇಪು ಪೂರ್ತಿ ಇಳಿದ ಮೇಲೆ ಕಂಪ್ಯೂಟರಿನಲ್ಲಿ ಕೇಳುತ್ತೇನೆ.

ಮೊನ್ನೆ ಮೊದಲನೆಯದನ್ನು ಕೇಳಿದೆ. ಅವಳು ಓದುವಾಗ ಎಡವಿದರೆ ಏನು ಮಾಡುತ್ತಿದ್ದಳು ನೆನಪಿದೆಯಾ? ನಿಲ್ಲಿಸಿ, "ತಪ್ಪಾಯಿತು, ಮತ್ತೆ ಓದುತ್ತೇನೆ" ಎಂದು ಹೇಳಿಯೇ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಕತ್ತರಿಸಿ ತೆಗೆಯುತ್ತೇನೆ ಎಂದರೆ ಬಿಡುತ್ತಿರಲಿಲ್ಲ. "ಕೇಳೋರಿಗೆ ನಾನು ಕಾಣಲ್ಲ ರೀ, ತಪ್ಪಿದ್ದಾದ್ರೂ ಗೊತ್ತಾಗ್ಲಿ" ಅನ್ನುತ್ತಿದ್ದಳು.

ಇಪ್ಪತ್ತಮೂರನೆಯದರಲ್ಲಿ ನೀನಿದ್ದೀಯ. ನಾಲ್ಕು ವರ್ಷದವಳು ಕೋಣೆಗೆ ನುಗ್ಗಿ "ಅಮ್ಮಾ, ಆಯ್ತಾ?" ಎಂದು ಕೇಳಿದ್ದೆ, ಅವಳು ಏನೋ ಹೇಳಿದ್ದಳು. ಏನೆಂದು ನನಗೆ ಮರೆತಿದೆ. ಅದು ಬಂದಾಗ ಬರೆಯುತ್ತೇನೆ.

ನಿನ್ನ
ಅಪ್ಪ


ಜನವರಿ 22

ಅಪ್ಪಾ,

ಹಣ್ಣಿನ ಪೆಟ್ಟಿಗೆಯಲ್ಲಿ ಅಮ್ಮನನ್ನು ಒಣಗಿಸುತ್ತಿದ್ದೀಯ ಎಂದು ತಿಳಿದಿದ್ದರೆ ಅವಳು ನಿನ್ನನ್ನು ಸುಮ್ಮನೆ ಬಿಡುತ್ತಿದ್ದಳಾ? ಓದಿ ನಕ್ಕೆ, ಆಮೇಲೆ ಅತ್ತೆ. ಆಫೀಸಿನಲ್ಲಿ ಪಕ್ಕದ ಮೇಜಿನವಳು ನೀರು ತಂದುಕೊಟ್ಟಳು.

ನಾನು ಕೊಟ್ಟ ಕಂಪ್ಯೂಟರ್ ಬಗ್ಗೆ ಚಿಂತೆ ಬೇಡ. ಅದರೊಳಗೆ ಲೆಕ್ಕ ಮಾಡುವ ನಮ್ಮ ಕಂಪನಿಯ ಚಿಪ್ಪು ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷೆ ಮಾಡಿದ ಹನ್ನೊಂದು ಜನರಲ್ಲಿ ನಿನ್ನ ಮಗಳೂ ಒಬ್ಬಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ನಗಬಹುದು. ಆದರೂ ಹೇಳುತ್ತೇನೆ, ಎಷ್ಟು ಹೊರೆ ಹಾಕಿದರೂ ಅದು ಬಗ್ಗುವುದಿಲ್ಲ. ಸದ್ದು ಇಳಿಸುವಾಗಲೇ ಚಿಕ್ಕದಾಗಿ ಮಡಚಿ ಇಡುವ ಹಾಗೆ ಹೊಂದಿಸಿದ್ದೇನೆ, ಜಾಗ ಉಳಿಯುತ್ತದೆ.

ಇಪ್ಪತ್ತಮೂರನೇ ಟೇಪಿನ ಪ್ರತಿ ನನಗೆ ಮೊದಲು ಬೇಕು. ಅಮ್ಮ ಬೈದಿದ್ದರೂ ಸರಿ.

ನಿನ್ನ
ಪಿಟೀಲು


ಫೆಬ್ರವರಿ 20

ಪಿಟೀಲು,

ಹನ್ನೆರಡು ಟೇಪು ಮುಗಿದವು. ಒಂದು ಸಂದೇಹ ಬಂದಿದೆ, ಅದನ್ನು ಕೇಳುವುದಕ್ಕೇ ಈ ಕಾಗದ.

ಅಲ್ಲಲ್ಲಿ ಅವಳ ದನಿ ಒಡೆಯುತ್ತಿದೆ. ನದಿಗಳ ಪಾಠ ಓದುತ್ತಿರುತ್ತಾಳೆ, ಟಕ್ ಎಂದು ಒಂದು ಸದ್ದು, ಅರ್ಧ ಮಾತು ಇಲ್ಲ, ಆಮೇಲೆ ಮತ್ತೆ ಅವಳು. ಮೊದಲ ಮೂರರಲ್ಲಿ ಒಂದೂ ಇರಲಿಲ್ಲ. ಹನ್ನೆರಡನೆಯದರಲ್ಲಿ ನಾಲ್ಕು ಕಡೆ ಇದೆ. ಟೇಪು ಕೆಟ್ಟರೆ ದನಿ ಮಂಕಾಗುತ್ತದೆ, ಬಾಯಿಗೆ ಒದ್ದೆ ಬಟ್ಟೆ ಹಿಡಿದ ಹಾಗೆ. ಇದು ಹಾಗಲ್ಲ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ನನ್ನ ಕಿವಿ ಇದು ಟೇಪಿನ ರೋಗವಲ್ಲ ಎನ್ನುತ್ತಿದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ನಾನು ನೀನು ಕೊಟ್ಟ ಯಂತ್ರವನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡ. ಅದರ ಒಳಗು ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಹನ್ನೆರಡನೆಯದನ್ನು ಪೆನ್ ಡ್ರೈವಿನಲ್ಲಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಕೇಳಿ ಹೇಳು, ಇದು ಟೇಪಿನದೋ ಯಂತ್ರದ್ದೋ? ಒಂದೇ ಸಲ ಓಡುವ ಸರಕು, ಅದಕ್ಕೇ ಕೇಳುತ್ತಿದ್ದೇನೆ. ನೀನು ಹೇಳುವವರೆಗೆ ಹದಿಮೂರನೆಯದನ್ನು ಮುಟ್ಟುವುದಿಲ್ಲ.

ಅಪ್ಪ


ಮಾರ್ಚ್ 1
(ಅಂಚೆಗೆ ಹಾಕದ ಕಾಗದ)

ಅಪ್ಪಾ,

ಅದು ಯಂತ್ರದ್ದು. ನಿಲ್ಲಿಸು. ಇನ್ನೊಂದು ಟೇಪನ್ನೂ ಹಾಕಬೇಡ.

ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದೆ. ಮೂರು ವಾರದ ಹಿಂದೆ ನಮ್ಮ ಪರೀಕ್ಷೆಯ ಕೋಣೆಯಲ್ಲಿ ಇಂಥದ್ದೇ ಸಿಕ್ಕಿತು. ಹೊರೆ ಬಿದ್ದಾಗ ಚಿಪ್ಪಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದೆ. ಒಳಗೊಳಗೇ ಸವೆಯುತ್ತದೆ, ಸವೆದ ಮೇಲೆ ಆಗೊಮ್ಮೆ ಈಗೊಮ್ಮೆ ಲೆಕ್ಕ ತಪ್ಪುತ್ತದೆ. ತಪ್ಪಿದ್ದು ಅದಕ್ಕೇ ಗೊತ್ತಾಗುವುದಿಲ್ಲ, ತಪ್ಪನ್ನೇ ಸರಿಯೆಂದು ಬರೆದಿಡುತ್ತದೆ. ಇದು ವಿನ್ಯಾಸದಲ್ಲೇ ಇರುವ ದೋಷ. ನಾವು ಹನ್ನೊಂದು ಜನವೂ ಅದನ್ನು ಕಾಣಲಿಲ್ಲ.

ಹೊರಗೆ ಬಾಯಿ ಬಿಡಬಾರದು ಎಂದು ಸಹಿ ಹಾಕಿಸಿಕೊಂಡಿದ್ದಾರೆ. "ಮನೇಲೂ ಹೇಳೋ ಹಾಗಿಲ್ಲ, ಗೊತ್ತಾಯ್ತಾ?" ಎಂದು ಮೇಲಧಿಕಾರಿ ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳಿದರು. ನಾನು ಹೂಂ ಎಂದೆ. ಆದರೆ ನೀನು


ಮಾರ್ಚ್ 2

ಅಪ್ಪಾ,

ಕೇಳಿದೆ. ಟೇಪಿನದ್ದೇ ಇರಬೇಕು. ಮೂವತ್ತು ವರ್ಷದ ಹಳೆಯ ಸರಕು, ಒಂದೊಂದು ಕಡೆ ಲೇಪ ಪೂರ್ತಿ ಎದ್ದುಹೋಗಿದ್ದರೆ ಕತ್ತರಿಸಿದ ಹಾಗೆಯೇ ಕೇಳುತ್ತದೆ. ಯಂತ್ರ ಹಾಗೆಲ್ಲ ಮಾಡುವುದಿಲ್ಲ.

ಆದರೂ ಸ್ವಲ್ಪ ದಿನ ಬಿಡುವು ತೆಗೆದುಕೋ. ಬೇಸಿಗೆ ಮುಗಿದ ಮೇಲೆ ಮಾಡಿದರೂ ಆಗುತ್ತದೆ, ಅವಸರವೇನು? ಇಲ್ಲಿ ತುಂಬಾ ಕೆಲಸ. ಬೇಗ ಬರುತ್ತೇನೆ ಎಂದು ಮಾತು ಕೊಡಲಾರೆ. ಮಂಡಿನೋವು ಹೇಗಿದೆ? ಆ ಎತ್ತರದ ಸ್ಟೂಲಿನ ಮೇಲೆ ಕೂರಬೇಡ, ಬೆನ್ನಿರುವ ಕುರ್ಚಿ ತರಿಸಿಕೋ.

ಪಿಟೀಲು


ಮೇ 6

ಪಿಟೀಲು,

ಕುರ್ಚಿ ತರಿಸಿದೆ. ನಿನ್ನ ಮಾತು ಮೀರಿದ್ದು ಒಂದೇ ವಿಷಯದಲ್ಲಿ, ಬಿಡುವು ತೆಗೆದುಕೊಳ್ಳಲಿಲ್ಲ. ಟೇಪೇ ಸಾಯುತ್ತಿದೆ ಎಂದು ನೀನು ಹೇಳಿದ ಮೇಲೆ ಬೇಸಿಗೆ ಮುಗಿಯಲಿ ಎಂದು ಕೈಕಟ್ಟಿ ಕೂರುವುದು ಹೇಗೆ? ದಿನಕ್ಕೆ ಎರಡರಂತೆ ಬಿಸಿ ಮಾಡಿದೆ, ಇಳಿಸಿದೆ. ನಲವತ್ತೈದು ಮುಗಿದವು. ನಲವತ್ತಾರನೆಯದಕ್ಕೆ ಹಣ್ಣಿನ ಪೆಟ್ಟಿಗೆ ಸುಟ್ಟು ಕೂತಿತು. ಅದೊಂದು ಬಾಕಿ.

ಹೋಗುತ್ತ ಹೋಗುತ್ತ ಒಡಕು ಹೆಚ್ಚಾಯಿತು. ಗ್ರಂಥಾಲಯದಲ್ಲಿ ಎಲ್ಲವನ್ನೂ ಕೇಳಿ ನೋಡುವ ಹೆಂಗಸಿಗೂ ಕಣ್ಣು ಕಾಣುವುದಿಲ್ಲ. ಹುಡುಗಿಯಾಗಿದ್ದಾಗ ನಿನ್ನ ಅಮ್ಮನ ಟೇಪು ಕೇಳಿಯೇ ಓದಿದವಳು. ಒಂದೊಂದೇ ಎಣಿಸಿ ಹೇಳಿದಳು, ಮುನ್ನೂರ ಹನ್ನೆರಡು ಕಡೆ. "ಅಯ್ಯೋ ಬಿಡಿ ಸಾರ್, ಅಷ್ಟಾದ್ರೂ ಉಳೀತಲ್ಲ" ಎಂದಳು. ಅವಳು ಸಮಾಧಾನ ಹೇಳಿದ್ದು ಕೇಳಿ ನನಗೆ ಇನ್ನೂ ಸಂಕಟವಾಯಿತು.

ತಪ್ಪು ನನ್ನದು. ತಗಡಿನ ಪೆಟ್ಟಿಗೆಯನ್ನು ಬಚ್ಚಲ ಗೋಡೆಗೆ ತಾಗಿಸಿ ಇಟ್ಟವನು ನಾನು. ಆಚೆ ಬದಿಗೆ ನೀರು ಕಾಯಿಸುವ ಗೀಸರ್, ಗೋಡೆ ಸದಾ ಬೆಚ್ಚಗೆ. "ಆ ಪೆಟ್ಟಿಗೆ ಅಲ್ಲಿಂದ ತೆಗೀರಿ ಅಂದ್ರೆ ಕೇಳಲ್ವಾ? ಅಷ್ಟು ದೊಡ್ಡ ಕಿವಿ ಯಾಕೆ ಇಟ್ಕೊಂಡಿದ್ದೀರಿ?" ಎಂದು ಅವಳು ಎರಡು ಸಲ ಹೇಳಿದ್ದಳು. ನಾಳೆ ತೆಗೆದರಾಯಿತು ಎಂದುಕೊಂಡೇ ಹದಿನೈದು ವರ್ಷ ಕಳೆದೆ. ಊರವರ ದನಿಯನ್ನೆಲ್ಲ ಜೋಪಾನ ಮಾಡಿದವನು ಮನೆಯವಳ ದನಿಯನ್ನು ಬೇಯಿಸಿಬಿಟ್ಟೆ. ದಿನಾ ಬೆಳಿಗ್ಗೆ ಅವಳ ಫೋಟೋದ ಮುಂದೆ ನಿಂತು ತಪ್ಪಾಯಿತು ಎನ್ನುತ್ತೇನೆ. ಮತ್ತೆ ಓದಲು ನನ್ನ ಬಳಿ ಏನೂ ಇಲ್ಲ.

ಇಪ್ಪತ್ತಮೂರನೆಯದು ಇದರ ಜೊತೆಗಿದೆ. "ಅಮ್ಮಾ, ಆಯ್ತಾ?" ಎಂದು ನೀನು ಕೇಳುವುದು ಸ್ಪಷ್ಟವಾಗಿದೆ. ಅವಳು ಹೇಳಿದ್ದು ಒಡಕಿನಲ್ಲಿ ಹೋಗಿದೆ. ಆಮೇಲೆ ನೀನು ನಗುತ್ತೀಯ. ಕ್ಷಮಿಸು ಮಗಳೇ.

ಅಪ್ಪ


ಜುಲೈ 3

ಪಿಟೀಲು,

ಮೇ ತಿಂಗಳ ಕಾಗದಕ್ಕೆ ಉತ್ತರ ಬರಲಿಲ್ಲ.

ಬೀದಿ ತುದಿಯ ಕಂಪ್ಯೂಟರ್ ರಿಪೇರಿಯವನು ನಿನ್ನೆ ಪೇಪರ್ ಹಿಡಿದುಕೊಂಡು ಬಂದ. "ಸಾರ್, ನಿಮ್ಮ ಡಬ್ಬದಲ್ಲಿ ಇರೋದು ಇದೇ ಚಿಪ್ಪು" ಎಂದ. ಚಿಪ್ಪಿನಲ್ಲಿ ದೋಷವಿದೆ ಎಂದು ನಿಮ್ಮ ಕಂಪನಿ ಕೊಟ್ಟ ಪ್ರಕಟಣೆ, ಅದನ್ನು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಕೆಳಗೆ ಗೆರೆ ಎಳೆದ ಸಾಲನ್ನು ನೋಡು: "ಸಾಮಾನ್ಯ ಬಳಕೆದಾರರಿಗೆ ಇದರಿಂದ ಆಗುವ ತೊಂದರೆ ಗಮನಕ್ಕೆ ಬಾರದಷ್ಟು ಅಲ್ಪ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬರೆದ ಹಾಗಿದೆ.

ದೋಷ ಪತ್ತೆಯಾದದ್ದು ಫೆಬ್ರವರಿ ಮೊದಲ ವಾರದಲ್ಲಿ ಎಂದೂ ಅದರಲ್ಲಿದೆ. ನಾನು ನಿನ್ನನ್ನು ಕೇಳಿದ್ದು ಫೆಬ್ರವರಿ ಇಪ್ಪತ್ತಕ್ಕೆ.

ಅಪ್ಪ


ಜುಲೈ 25

ಅಪ್ಪಾ,

ತಪ್ಪಾಯಿತು. ಮಾರ್ಚ್ ಎರಡರ ಕಾಗದವನ್ನು ಮತ್ತೆ ಓದುತ್ತೇನೆ.

ಅದು ಟೇಪಿನದಲ್ಲ. ಯಂತ್ರದ್ದೆಂದು ನನಗೆ ಗೊತ್ತಿತ್ತು. ಹಿಂದಿನ ದಿನ ಬರೆದು ಅಂಚೆಗೆ ಹಾಕದ ಕಾಗದವನ್ನು ಇದರ ಜೊತೆ ಕಳಿಸುತ್ತಿದ್ದೇನೆ. "ಆದರೆ ನೀನು" ಎಂಬಲ್ಲಿಗೆ ನಿಂತಿದೆ. ಆ ವಾಕ್ಯ ಮುಗಿಸುವ ಧೈರ್ಯ ಬರಲಿಲ್ಲ. ಸಹಿ ಹಾಕಿದ್ದೇನೆ, ಕೆಲಸ ಹೋಗುತ್ತದೆ, ಇನ್ನೇನು ತಿಂಗಳಲ್ಲಿ ಸರಿಪಡಿಸುವ ತಂತ್ರಾಂಶ ಬರುತ್ತದೆ, ಅಲ್ಲಿಯವರೆಗೆ ಬಿಡುವು ತೆಗೆದುಕೋ ಎಂದರೆ ಸಾಕು ಎಂದುಕೊಂಡೆ. ಟೇಪು ಸಾಯುತ್ತಿದೆ ಎಂದರೆ ನೀನು ಸುಮ್ಮನೆ ಕೂರುವವನಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ನಿನ್ನ ಮಗಳಾಗಿ ಅಷ್ಟೂ ಹೊಳೆಯಲಿಲ್ಲ.

ಮೇ ತಿಂಗಳ ನಿನ್ನ ಕಾಗದ ಬಂದ ದಿನ ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಗೀಸರ್, ಗೋಡೆ, ಫೋಟೋದ ಮುಂದೆ ನಿನ್ನ ತಪ್ಪೊಪ್ಪಿಗೆ. ಅಪ್ಪಾ, ಬಚ್ಚಲ ಗೋಡೆ ಏನೂ ಮಾಡಲಿಲ್ಲ. ನೀನು ಏನೂ ಮಾಡಲಿಲ್ಲ. ಉತ್ತರ ಬರೆಯಲು ಏಳು ಸಲ ಕೂತೆ. ವಿಷಯ ಪೇಪರಿನಲ್ಲಿ ಬಂದ ಮೇಲೆ ಸಹಿಯ ನೆಪವೂ ಉಳಿಯಲಿಲ್ಲ. ಆದರೂ ಮೂರು ವಾರ ತಡಮಾಡಿದೆ, ಬರೀ ನಾಚಿಕೆಗೆ.

ನೀನು ಗೆರೆ ಎಳೆದ ಸಾಲು ನಾನು ಬರೆದದ್ದು. ವರದಿಯಲ್ಲಿ ಒಂದು ಖಾನೆ ಇರುತ್ತದೆ, "ಸಾಮಾನ್ಯ ಬಳಕೆದಾರರಿಗೆ ಎಷ್ಟು ಗಂಭೀರ?" ಎಂದು. ಅದನ್ನು ತುಂಬುವ ಕೆಲಸ ನನಗೆ ಬಂತು. ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಸಾವಿರ ಜನರಲ್ಲಿ ಹೆಚ್ಚಿನವರಿಗೆ ಕಂಪ್ಯೂಟರ್ ಒಂದೆರಡು ಸಲ ನಿಂತುಹೋಗುತ್ತದೆ, ಬೈದು ಮತ್ತೆ ಹಾಕುತ್ತಾರೆ, ಅಷ್ಟೇ. ಸಾಮಾನ್ಯ ಬಳಕೆದಾರ ಎಂದರೆ ಯಾರು ಎಂದು ಯೋಚಿಸುವಾಗ ಕಣ್ಣ ಮುಂದೆ ಬಂದವನು ನೀನೇ. ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಎರಡು ಬೆರಳಲ್ಲಿ ಟೈಪ್ ಮಾಡುವ ಅಪ್ಪ. ಅವನಿಗೇನು ತೊಂದರೆ ಆದೀತು ಎಂದುಕೊಂಡೇ ಖಾನೆ ತುಂಬಿದೆ. ಅದಾಗಿ ಹತ್ತು ದಿನಕ್ಕೆ ನಿನ್ನ ಪೆನ್ ಡ್ರೈವ್ ಬಂತು.

ಸರಿಪಡಿಸುವ ತಂತ್ರಾಂಶ ಈಗ ಬಂದಿದೆ. ಮುಂದೆ ಸವೆಯುವುದನ್ನು ನಿಲ್ಲಿಸುತ್ತದೆ, ಆದದ್ದನ್ನು ಸರಿಮಾಡುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೈದು ಬರಿ. ಬರೆಯದೇ ಇರಬೇಡ.

ಪಿಟೀಲು


ಆಗಸ್ಟ್ 30

ಪಿಟೀಲು,

ಒಂದು ತಿಂಗಳು ನಿನಗೆ ಬರೆಯಲು ಮನಸ್ಸಾಗಲಿಲ್ಲ. ಕೋಪವಿದೆ. ಇಲ್ಲ ಎಂದು ಬರೆದರೆ ನಿಮ್ಮ ಕಂಪನಿಯ ಪ್ರಕಟಣೆಯಂತಾಗುತ್ತದೆ.

ತಪ್ಪಿದ್ದು ಯಂತ್ರಕ್ಕೇ ಗೊತ್ತಾಗುವುದಿಲ್ಲ ಎಂದು ಬರೆದಿದ್ದೀಯ. ಅದಕ್ಕೆ ಅದರ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ನಿನಗೆ ಗೊತ್ತಿತ್ತು. ಟೇಪಿನ ರೋಗವಲ್ಲ ಎಂದು ನನ್ನ ಕಿವಿ ಹೇಳುತ್ತಲೇ ಇತ್ತು. ನಲವತ್ತು ವರ್ಷ ಅನ್ನ ಹಾಕಿದ ಕಿವಿ. ಅದನ್ನು ಬದಿಗಿಟ್ಟು ನಿನ್ನ ಮಾತು ಕೇಳಿದೆ, ಯಾಕೆಂದರೆ ಹೇಳಿದವಳು ನೀನು. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ಇದು ನನ್ನನ್ನು ಸುಡುತ್ತಿದೆ, ಮುಚ್ಚಿಡುವುದಿಲ್ಲ.

ನನ್ನದೂ ಒಂದಿದೆ. ಒಂದೇ ಒಂದು ಟೇಪು ಓಡುವಾಗ ಪಕ್ಕದಲ್ಲಿ ಕೂತು ಕೊನೆತನಕ ಕೇಳಿದ್ದರೆ ಟೇಪು ಸರಿಯಿದೆ ಎಂದು ಅಲ್ಲೇ ತಿಳಿಯುತ್ತಿತ್ತು. ನಾನು ಅಡುಗೆಮನೆಯಲ್ಲಿ ಕೂತಿದ್ದೆ. ನಲವತ್ತೈದು ಸಲ ಎದ್ದುಹೋದೆ.

ನಲವತ್ತಾರನೆಯದು ಹಾಗೇ ಇದೆ. ರಿಪೇರಿಯವನು ಹಣ್ಣಿನ ಪೆಟ್ಟಿಗೆಯನ್ನು ಸರಿಮಾಡಿಕೊಟ್ಟಿದ್ದಾನೆ. ಗ್ರಂಥಾಲಯದ ಹಳೆಯ ಧ್ವನಿಮುದ್ರಣ ಯಂತ್ರದಲ್ಲಿ ಇಳಿಸೋಣ ಎಂದಿದ್ದಾರೆ, ಅದರಲ್ಲಿ ಚಿಪ್ಪು ಗಿಪ್ಪು ಇಲ್ಲ. ಈ ಸಲ ಎದ್ದು ಹೋಗುವುದಿಲ್ಲ. ಆದರೆ ಒಬ್ಬನೇ ಕೂರಲು ಆಗುವುದಿಲ್ಲ. ಬಾ.

ಅಪ್ಪ


ಸೆಪ್ಟೆಂಬರ್ 24

ಅಪ್ಪಾ,

ಈ ತಿಂಗಳ ಮೊದಲ ವಾರ ನಿನ್ನೊಡನೆ ಮೂರು ದಿನ ಇದ್ದು ಬಂದೆ. ಅಲ್ಲಿ ಆಡಲಾಗದ ಮಾತು ಇಲ್ಲಿ ಬರೆಯುತ್ತಿದ್ದೇನೆ.

ಆ ಟೇಪು ಓಡಿದ ನಲವತ್ತೆರಡು ನಿಮಿಷ ನೀನು ನನ್ನ ಕೈ ಹಿಡಿದಿದ್ದೆ, ಮುಖ ಮಾತ್ರ ನೋಡಲಿಲ್ಲ. ನಾನು ಪುಡಿ ಉದುರುವುದನ್ನೇ ನೋಡುತ್ತಿದ್ದೆ. ಒಡಕು ಈಗ ಬರಲಿ, ಈಗ ಬರಲಿ ಎಂದು ಕಾದೆ. ಹೌದಪ್ಪಾ, ಬರಲಿ ಎಂದೇ ಬೇಡಿಕೊಂಡೆ. ಒಂದಾದರೂ ಬಂದಿದ್ದರೆ ಟೇಪೂ ಸ್ವಲ್ಪ ಕೆಟ್ಟಿತ್ತು ಎಂದುಕೊಳ್ಳಬಹುದಿತ್ತು. ಒಂದೂ ಬರಲಿಲ್ಲ. ಅಮ್ಮ ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಇದ್ದಳು, ಹಾಳೆ ತಿರುವಿದ್ದೂ ಕೇಳಿತು. ಮಿಕ್ಕ ನಲವತ್ತೈದೂ ಹೀಗೇ ಇದ್ದವು ಎಂದು ನಮ್ಮಿಬ್ಬರಿಗೂ ಒಟ್ಟಿಗೇ ತಿಳಿಯಿತು. ಮುಗಿದ ಮೇಲೆ ನೀನು ಎದ್ದು, ಹತ್ತಿಯಲ್ಲಿ ಪುಡಿ ಒರೆಸಿ, "ಊಟ ಮಾಡೋಣ ಬಾ" ಎಂದೆ. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವ ದಿನ ಗ್ರಂಥಾಲಯಕ್ಕೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಒಡಕು ಎಣಿಸಿದ ಆ ಹೆಂಗಸಿನ ಮುಂದೆ ಕೂತು ಎಲ್ಲಾ ಹೇಳಿದೆ, ಖಾನೆ ತುಂಬಿದವಳು ನಾನೇ ಎಂದೂ ಹೇಳಿದೆ. ಅವರು ಒಂದು ಒಡಕಿನ ಜಾಗ ಹಾಕಿ ನನಗೆ ಕೇಳಿಸಿದರು. ಆಮೇಲೆ, "ಕಳೆದುಹೋದ ಮಾತು ಪುಸ್ತಕದಲ್ಲಿ ಇದೆಯಲ್ಲಮ್ಮ, ನೀವೇ ಓದಿ ತುಂಬಿಸಿ. ಅಮ್ಮನ ಥರ ಓದೋಕೆ ಹೋಗ್ಬೇಡಿ. ಎಲ್ಲಿ ಒಡೆದಿದೆ ಅಂತ ಕೇಳೋರಿಗೆ ಗೊತ್ತಾಗ್ಲಿ" ಎಂದರು.

ಅದಾದ ಮೇಲೆ ಎರಡು ಶನಿವಾರ ಗ್ರಂಥಾಲಯಕ್ಕೆ ಹೋಗಿ ಓದಿ ಬಂದೆ. ನಿನ್ನ ಮನೆಯ ಬೀದಿಯಲ್ಲೇ ಬಸ್ಸು ಹೋಗುತ್ತದೆ, ಇಳಿಯಲಿಲ್ಲ. ನೀನು ಕರೆಯುವವರೆಗೆ ಇಳಿಯುವುದಿಲ್ಲ. ಒಂದೊಂದು ಒಡಕಿನಲ್ಲೂ ಮೊದಲು "ತಪ್ಪಾಯಿತು, ಮತ್ತೆ ಓದುತ್ತೇನೆ" ಎಂದು ಹೇಳಿ, ಆಮೇಲೆ ಹೋದ ಮಾತನ್ನು ಓದುತ್ತೇನೆ. ಮುನ್ನೂರ ಹನ್ನೆರಡು ಸಲ ಹೇಳಬೇಕು. ಅರವತ್ತೆಂಟು ಆಗಿದೆ.

ಇಪ್ಪತ್ತಮೂರನೆಯದರ ಒಂದು ಒಡಕನ್ನು ಮಾತ್ರ ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ಕೇಳಿದೆ. "ಅಮ್ಮಾ, ಆಯ್ತಾ?" ಎಂದು ನಾನು ಕೇಳುತ್ತೇನೆ. ಅಮ್ಮ ಹೇಳಿದ್ದು ಯಾವ ಪುಸ್ತಕದಲ್ಲೂ ಇಲ್ಲ. ಆ ಜಾಗವನ್ನು ಹಾಗೇ ಖಾಲಿ ಬಿಟ್ಟು ಬಂದೆ. ಅದಾದ ಮೇಲೆ ನಾನು ನಗುತ್ತೇನೆ, ಯಾಕೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ನಿನ್ನ
ಪಿಟೀಲು